ಹನ್ನೆರಡೇ ಚಿತ್ರದ ರೀಲು

ಮದುವೆಮನೆಗಳಲ್ಲಿ ದಿನಕ್ಕೆ ಮೂರು ಸಾವಿರ ಫೋಟೋ ತೆಗೆಯುತ್ತಿದ್ದ ಹೊಸಪೇಟೆಯ ಶ್ರೀವಾಣಿಗೆ ಅವುಗಳಲ್ಲಿ ಒಂದೂ ನೆನಪಿರುತ್ತಿರಲಿಲ್ಲ. ಕಂಪ್ಲಿಯಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಸೋದರಮಾವ ವೆಂಕೋಬ ಒಂದು ದಿನ ತನ್ನ ಹಳೆಯ ಎರಡು ಕಣ್ಣಿನ ಕ್ಯಾಮೆರಾವನ್ನು ಅವಳ ಕೈಗಿಟ್ಟ. ರೀಲಿಗೆ ಹನ್ನೆರಡೇ ಚಿತ್ರ. ಕಣ್ಣಿಗೆ ಹಿಡಿದು ನೋಡುವಂತಿಲ್ಲ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು.

"ಗಡಿಬಿಡಿ ಮಾಡಬ್ಯಾಡ, ಇದಕ್ಕ ಆಗಿಬರಂಗಿಲ್ಲ" ಎಂದಷ್ಟೇ ಹೇಳಿದ.

ಅವಳು ಸಂಡೂರಿನಾಚೆಯ ಬಂಡ್ರಿಗೆ ಹೋದಳು. ಹಿಂದೊಮ್ಮೆ ಅಲ್ಲಿನ ಮದುವೆಯೊಂದರಲ್ಲಿ ತಾಯಕ್ಕ ಎಂಬ ಮುದುಕಿ ಕ್ಯಾಮೆರಾ ಕಂಡೊಡನೆ ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದಳು. ಮೂವತ್ತು ವರ್ಷ ಗಣಿಯಲ್ಲಿ ಅದಿರು ಒಡೆದ ಆಕೆಯ ಕೈಗಳ ಫೋಟೋ ತೆಗೆದುಕೊಂಡು ಹೋದವರು ಬಹಳ ಜನ. ಒಬ್ಬರೂ ತಿರುಗಿ ಬಂದಿರಲಿಲ್ಲ. ಈ ಸಲ ಮನೆಗೇ ಹೋದಾಗಲೂ ಆಕೆಯ ಕೈ ಸೆರಗಿಗೆ ಹೋಯಿತು. ಆದರೆ ತಲೆ ಬಗ್ಗಿಸಿ ನಿಂತ ಹುಡುಗಿಯನ್ನು ಕಂಡು ತಾಯಕ್ಕ ಕೈ ತಡೆದಳು.

"ಬಂದೋರೆಲ್ಲ ಮುಖಕ್ಕ ಡಬ್ಬಿ ಅಡ್ಡ ಇಟ್ಕಂತಿದ್ರು. ನಿನ್ ಮುಖ ಕಾಣ್ತೈತಿ. ತಗಿಯವ್ವ."

ಹನ್ನೆರಡು ಚಿತ್ರಕ್ಕೆ ಇಡೀ ಬೆಳಗು ಹಿಡಿಯಿತು. ಮೋಡ ಸರಿಯುವವರೆಗೆ ಮಾತು, ಮಾತು ಮುಗಿದ ಮೇಲೆ ಒಂದು ಚಿತ್ರ. ಕೊನೆಯದು ಮುಗಿದ ಸಂತೋಷದಲ್ಲಿ ಶ್ರೀವಾಣಿ ರೀಲು ಪೂರ್ತಿ ಸುತ್ತದೆಯೇ ಕ್ಯಾಮೆರಾದ ಬೆನ್ನು ತೆರೆದುಬಿಟ್ಟಳು. ಬಿಸಿಲು ಒಳಗೆ ಬಿತ್ತು. ಕಂಪ್ಲಿಯಲ್ಲಿ ಮಾವ ತೊಳೆದು ನೋಡಿದರೆ ಇಡೀ ರೀಲು ಇದ್ದಿಲಿನಂತೆ ಕಪ್ಪು. ಅವನು ಬೈಯಲಿಲ್ಲ, ಹೊಸ ರೀಲೊಂದನ್ನು ಅವಳ ಮುಂದಿಟ್ಟ.

ಹೋಗದೇ ಇದ್ದುಬಿಡಬಹುದಿತ್ತು. ಎರಡು ದಿನ ಅದನ್ನೇ ಯೋಚಿಸಿ, ಮೂರನೆಯ ದಿನ ಬಂಡ್ರಿಯ ಬಸ್ಸು ಹತ್ತಿದಳು.

"ತಪ್ಪು ನಂದೇರಿ ತಾಯಕ್ಕ. ಒಂದೂ ಉಳೀಲಿಲ್ಲ."

ತಾಯಕ್ಕ ಅವಳನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಂಗಾರ ಇವತ್ತ ಊಟ ಮಾಡ್ಕಂಡು ಹೋಗು. ಪುರುಸೊತ್ತಿಲೆ ತಗಿ."

ಟ್ರಂಕಿನಿಂದ ಇಳಕಲ್ ಸೀರೆ ಹೊರಬಂತು. ಒಂಬತ್ತನೆಯ ಚಿತ್ರದ ಹೊತ್ತಿಗೆ ತಾಯಕ್ಕ ಕ್ಯಾಮೆರಾವನ್ನೇ ಮರೆತು, ಗಂಡನ ಪೆದ್ದುತನದ ಕಥೆ ಹೇಳುತ್ತ ಬಾಯ್ತುಂಬ ನಗುತ್ತಿದ್ದಳು. ಶ್ರೀವಾಣಿ ಉಸಿರು ಹಿಡಿದು ಗುಂಡಿ ಒತ್ತಿದಳು.

ಮರುವಾರ ಆ ಚಿತ್ರವನ್ನೇ ದೊಡ್ಡದು ಮಾಡಿಸಿ ತಂದಳು. ಓಟಿನ ಚೀಟಿಯ ಫೋಟೋ ಬಿಟ್ಟರೆ ತಾಯಕ್ಕ ತನ್ನನ್ನು ತಾನು ಚಿತ್ರದಲ್ಲಿ ಕಂಡದ್ದೇ ಇಲ್ಲ. ಬೆರಳಿನಿಂದ ತನ್ನ ಕೆನ್ನೆಯನ್ನೇ ಸವರಿ, "ನಾ ಹಿಂಗ ನಗತೀನೇನು?" ಎಂದು ಮೆಲ್ಲಗೆ ಕೇಳಿದಳು.

ಮುಂದಿನ ಭಾನುವಾರ ಶ್ರೀವಾಣಿ ಬಸ್ಸಿಳಿದಾಗ, ತಾಯಕ್ಕನ ಪಕ್ಕದ ಮನೆಯ ಯಲ್ಲಕ್ಕ ತಲೆ ಬಾಚಿ ಹೂ ಮುಡಿದು ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಪಕ್ಕದಲ್ಲಿ ಇನ್ನೂ ಮೂವರು.