ಬರಿ ನೆಲದ ಪೆಡಲು

ಬಕೆಟ್ಟಿನಲ್ಲಿದ್ದ ಕೊನೆಯ ಬೆಡ್‌ಶೀಟನ್ನು ಹಿಂಡುತ್ತಿದ್ದೆ. ಅರ್ಧಕ್ಕೇ ಕೈ ನಿಂತಿತು. ಒಳಕೋಣೆಯಲ್ಲಿ ಮಗಳ ಪಿಟೀಲು ಆ ಜಾಗವನ್ನು ದಾಟಿ ಮುಂದೆ ಹೋಗಿತ್ತು.

ಕಮಾನು ಒಂದು ತಂತಿಯಿಂದ ಇನ್ನೊಂದಕ್ಕೆ ಹೊರಳುವ ಆ ಜಾಗದಲ್ಲಿ ಅವಳು ಯಾವಾಗಲೂ ಎಡವುತ್ತಿದ್ದಳು. ಅದೊಂದು ಸಾಲನ್ನೇ ಹಿಡಿದು ನಿಧಾನವಾಗಿ ನುಡಿಸು ಎಂದಿದ್ದರು ಟೀಚರ್. ನಾನು ಪರದೆ, ದಿಂಬಿನ ಕವರು ಹೊಲಿದುಕೊಡುವವಳು. ಮಗಳು ನನ್ನ ಮೆಷಿನ್ನಿನ ಪಕ್ಕ ಕೂತು ಪೆಡಲಿನ ಸದ್ದಿಗೆ ಸರಿಯಾಗಿ ಕಮಾನು ಎಳೆಯುವುದನ್ನು ರೂಢಿ ಮಾಡಿಕೊಂಡಳು. ನಾನೂ ಬೇಕೆಂದೇ ಆಮೆಯ ಹಾಗೆ ತುಳಿಯುತ್ತಿದ್ದೆ. ಸಾಲು ತಪ್ಪಿಲ್ಲದೆ ಬಂದ ಮೇಲೆ, ಅವಳಿಗೆ ಗೊತ್ತಾಗದಂತೆ, ಒಂಚೂರು ಬೇಗ.

ಅದೇ ಎಡವಟ್ಟಾಯಿತು. ಟೀಚರ್ ಮನೆಯಲ್ಲಿ ಮೆಷಿನ್ನಿನ ಸದ್ದಿಲ್ಲದೆ ಅವಳ ಕೈಯೇ ಏಳಲಿಲ್ಲ.

"ಬಿಡು ಇಲಿಮರಿ, ವೇದಿಕೆಗೆ ಅಮ್ಮನ್ನೂ ಮೆಷಿನ್ನನ್ನೂ ಹೊತ್ಕೊಂಡು ಹೋಗೋಣ" ಎಂದು ಅವಳಪ್ಪ ಛೇಡಿಸಿದಾಗ, ಮಗಳು ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟಳು. ಭಾನುವಾರ ಟೀಚರ್ ಹತ್ತಿರ ಕಲಿಯುವ ಮಕ್ಕಳೆಲ್ಲ ವೇದಿಕೆಯ ಮೇಲೆ ಒಟ್ಟಿಗೆ ನುಡಿಸುವವರಿದ್ದರು. ಸೇರಬೇಕೆಂದವರು ತಾವೇ ಬಾಯಿಬಿಟ್ಟು ಕೇಳಬೇಕು, ಅಪ್ಪ ಅಮ್ಮ ಕೇಳಿದರೆ ನಡೆಯದು. ಇವಳಿಗೋ ಆಸೆ ಬೆಟ್ಟದಷ್ಟು, ಬಾಯಿ ಮಾತ್ರ ಹೊಲಿದ ಹಾಗೆ.

ಈಗ ಬಾಗಿಲ ಸಂದಿಯಿಂದ ಇಣುಕಿದೆ. ಮೆಷಿನ್ನಿನ ಮೇಲೆ ನಾನು ರಾತ್ರಿ ಹೊದಿಸಿದ ಬಟ್ಟೆ ಹಾಗೇ ಇತ್ತು. ಮಗಳ ಬಲಗಾಲು ಬರಿ ನೆಲವನ್ನು ತುಳಿಯುತ್ತಿತ್ತು, ಥೇಟ್ ನನ್ನ ಹಾಗೆ. ಸಾಲು ಮತ್ತೆ ಬಂತು. ಮತ್ತೆ ದಾಟಿತು.

"ಅಮ್ಮಾ, ಕೇಳಿಸ್ತಾ?"

"ಕೇಳಿಸ್ತು ಕಣೇ."

"ಟೀಚರ್ ಮನೆಗೆ ಹೋಗೋಣ. ಈಗ್ಲೇ. ಆಮೇಲೆ ಅಂದ್ರೆ ನಂಗೆ ಹೆದ್ರಿಕೆ ಬಂದ್ಬಿಡುತ್ತೆ."

"ತಲೆನಾದ್ರೂ ಬಾಚ್ಕೋಬಾರ್ದಾ?"

"ಪಿಟೀಲಿಗೇನು ನನ್ ತಲೆ ಕಾಣುತ್ತಾ?"

ಬೆಡ್‌ಶೀಟು ಬಕೆಟ್ಟಿನಲ್ಲೇ ಉಳಿಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳ ಹಿಂದೆ ಓಡುನಡಿಗೆಯಲ್ಲಿ ಹೊರಟೆ. ಪೆಟ್ಟಿಗೆಯನ್ನು ನನ್ನ ಕೈಗೆ ಕೊಡಲೇ ಇಲ್ಲ.

ಟೀಚರ್ ಹಲ್ಲುಜ್ಜುವ ಬ್ರಷ್ಷು ಹಿಡಿದುಕೊಂಡೇ ಬಾಗಿಲು ತೆಗೆದರು. "ಏನಮ್ಮಾ, ಇಷ್ಟು ಬೆಳಗ್ಗೆ?" ಎಂದು ನನ್ನ ಮುಖ ನೋಡಿದರು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮಗಳ ಕಡೆ ನೋಡಿದೆ. ಅವಳ ಕಣ್ಣು ಪೆಟ್ಟಿಗೆಯ ಮೇಲಿತ್ತು. ಬಲಗಾಲು ಮಾತ್ರ ಮೆಟ್ಟಿಲನ್ನು ಮೆಲ್ಲಗೆ ತುಳಿಯತೊಡಗಿತ್ತು, ಆಮೇಲೆ ಒಂಚೂರು ಬೇಗ.

"ಟೀಚರ್, ಭಾನುವಾರ ನಾನೂ ನುಡಿಸ್ಲಾ?"