ಸೈಕಲ್ಲಿನ ಬುಟ್ಟಿಯಲ್ಲಿ ಹೋದದ್ದು

ಕೀಚ್, ಕೀಚ್, ಎಡಗಾಲಿನದು ಮಾತ್ರ, ಬಲಗಾಲಿನ ಬೂಟು ಸುಮ್ಮನೆ ಬರುತ್ತದೆ — ತಲೆ ಎತ್ತಿ ನೋಡಬೇಕಾಗಿಲ್ಲ, ಮಿಸ್ ಲವೆಟ್ಟೇ, ಪ್ರಯೋಗಶಾಲೆಯ ಹುಡುಗಿ, ಈ ಎರಡು ವಾರದಲ್ಲಿ ಅವಳ ಹೆಜ್ಜೆ ನನಗೆ ನನ್ನ ಗಂಡನ ಕೆಮ್ಮಿನಷ್ಟೇ ಗುರುತಾಗಿಬಿಟ್ಟಿದೆ, ಆದರೆ ಇವತ್ತು ಯಾಕೆ ಇಷ್ಟು ನಿಧಾನ, ಯಾವಾಗಲೂ ಓಡುವವಳು, ಏನನ್ನೋ ಕದ್ದುಕೊಂಡು ಹೊರಟವಳ ಹಾಗೆ. ನೋಡುವುದಿಲ್ಲ ನಾನು. ಮಡಿಲಲ್ಲಿ ಕಂದು ಕಾಗದದ ಪೊಟ್ಟಣ, ಅದರೊಳಗೆ ರೂಬೆನ್‌ನ ಬೂಟು, ಬೆಲ್ಟು, ಕ್ಷೌರದ ಕತ್ತಿ, ದಾರ ಕಟ್ಟಿದವರು ಯಾರೋ ಗಂಟು ಹಾಕಲು ಬರದವರು, ಅವನು ನೋಡಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದ, ಇಪ್ಪತ್ತಾರು ವರ್ಷ ಬಿಯರ್ ಪೀಪಾಯಿಗಳನ್ನು ಕುದುರೆಗಾಡಿಗೆ ಬಿಗಿದ ಕೈ ಅದು. ನಿನ್ನೆ ಬೆಳಿಗ್ಗೆ ಹೋದ, ವಾರ್ಡಿಗೆ ಚಹಾ ಬರುವ ಮುಂಚೆ, ನಾನು ಬಸ್ಸಿನಲ್ಲಿದ್ದೆ. ಡಾಕ್ಟರ್ ಗರ್ನಿ ನಿಮ್ಮ ಹತ್ರ ಮಾತಾಡ್ಬೇಕಂತೆ, ಸ್ವಲ್ಪ ಕೂತಿರಿ ಮಿಸೆಸ್ ಟಫ್ರಿ ಅಂದಳು ವಾರ್ಡಿನ ಸಿಸ್ಟರ್, ಈ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದೇನೆ, ಅರ್ಧ ಗಂಟೆಯಾಯಿತು, ಗಂಡ ಸತ್ತ ಮೇಲೆ ಹೆಂಡತಿಯ ಹತ್ತಿರ ಡಾಕ್ಟರಿಗೆ ಏನು ಮಾತು, ಇನ್ನೊಂದು ಕಾಗದಕ್ಕೆ ಸಹಿ ಬೇಕಿರಬೇಕು, ಕುಯ್ದು ನೋಡುವುದಕ್ಕೆ, ಅಥವಾ ನಾನು ಹೊರಗೆ ಹೋಗಿ ಯಾರಿಗಾದರೂ ಹೇಳುತ್ತೇನೆಂದು ಹೆದರಿಕೆ, ಹೇಳುತ್ತೇನೆ, ಯಾಕೆ ಹೇಳಬಾರದು, ನನ್ನ ಗಂಡನದನ್ನು ತೆಗೆದು ಇನ್ನೊಬ್ಬರಿಗೆ ಕೊಟ್ಟಿರಿ ಎಂದು ಹೇಳುತ್ತೇನೆ.

ಒಂದು ಗೀರು, ಅಷ್ಟೇ. ಪೀಪಾಯಿಯ ಕಬ್ಬಿಣದ ಪಟ್ಟಿ ಸಡಿಲವಾಗಿ ಮಣಿಕಟ್ಟನ್ನು ಗೀರಿತು, ಬೆಕ್ಕು ಪರಚಿದಷ್ಟು, ಅದಕ್ಕೊಂದು ಬಟ್ಟೆ ಸುತ್ತಿಕೊಂಡು ಕುದುರೆಗಳಿಗೆ ನೀರು ಕುಡಿಸಿ ಮನೆಗೆ ಬಂದ, ತೋರಿಸು ಎಂದರೆ, ಏ ಡಾರ್ಕಸ್, ಸುಮ್ನಿರೇ, ಹಿಟ್ಲರ್ ಏನು ಬಂದು ಕಚ್ಚಿದ್ನಾ ಅಂದ. ಮೂರನೆಯ ದಿನ ಕೈ ನಾದಿಟ್ಟ ಹಿಟ್ಟಿನ ಹಾಗೆ ಉಬ್ಬಿತು, ಆರನೆಯ ದಿನ ಭುಜ, ಆಸ್ಪತ್ರೆಯಲ್ಲಿ ಕುಯ್ದರು, ಕೀವು, ಮತ್ತೆ ಕುಯ್ದರು, ಗುಳಿಗೆ ಕೊಟ್ಟರು, ಗುಳಿಗೆಯನ್ನೆಲ್ಲ ವಾಂತಿ ಮಾಡಿಕೊಂಡ, ಕೆನ್ನೆ ಕಣ್ಣು ಎಲ್ಲ ಒಂದೇ ಆಗಿ ಊದಿಕೊಂಡಿತು, ಎರಡನೆಯ ಹಾಸಿಗೆಯ ಮುದುಕ ನನ್ನನ್ನು ನೋಡಿ ಟೋಪಿ ತೆಗೆದ, ಆಗಲೇ ವಿಧವೆಯಾದವಳಿಗೆ ತೆಗೆದ ಹಾಗೆ. ಆಮೇಲೆ ಡಾಕ್ಟರ್ ಗರ್ನಿ ಬಂದರು, ಉಗುರು ಕಚ್ಚುವ ಡಾಕ್ಟರು, ಉಗುರು ಕಚ್ಚುವವರನ್ನು ನಾನು ನಂಬುವುದಿಲ್ಲ. ಹೊಸದೊಂದು ಔಷಧಿ ಇದೆ ಮಿಸೆಸ್ ಟಫ್ರಿ, ಬೂಷ್ಟಿನಿಂದ ತೆಗೆದದ್ದು. ಬೂಷ್ಟಾ, ನಾನು ದಿನಾ ಬ್ರೆಡ್ಡಿನ ಮೇಲಿಂದ ಕೆರೆದು ಎಸೀತೀನಲ್ಲ ಅದಾ ಎಂದೆ. ಅದೇ ಅಲ್ಲ, ಅದರ ದಾಯಾದಿ ಅನ್ನಿ. ಯಾರಿಗೆ ಕೊಟ್ಟು ನೋಡಿದೀರಿ? ಹೆಚ್ಚಾಗಿ ಇಲಿಗಳಿಗೆ ಅಂದರು, ಮುಖ ಕೆಂಪಾಯಿತು. ಆ ಇಲಿಗಳು ಈಗ ಹೇಗಿದಾವೆ? ಬದುಕಿದಾವೆ, ಔಷಧಿ ಕೊಡದೆ ಬಿಟ್ಟವು ಮಾತ್ರ ಸತ್ತವು. ಬೇಡ ಎನ್ನಬೇಕೆಂದು ಬಾಯಿ ತೆರೆದೆ, ಹಾಸಿಗೆಯಿಂದ, ಮುಚ್ಚಿದ ಕಣ್ಣಿನ ಒಳಗಿಂದ, ಅವನ ದನಿ — ನಾನೂ ಉಗ್ರಾಣದಲ್ಲೇ ಬೆಳೆದೋನು ಕಣೇ, ಇಲಿಗೆ ಆಗಿದ್ದು ನಂಗೂ ಆಗತ್ತೆ.

ಹಳದಿ ಪುಡಿ, ಒಂದು ಚಿಟಿಕೆ, ನೀರಿನಲ್ಲಿ ಕರಗಿಸಿ ಮೂರು ಗಂಟೆಗೊಮ್ಮೆ ನಳಿಕೆಯಿಂದ ರಕ್ತಕ್ಕೆ ಬಿಡುತ್ತಾರೆ, ಅದರ ಹೆಸರನ್ನು ಎರಡು ಸಲ ಹೇಳಿದರು, ಪೆನಿಸಿಲಿನ್, ರೂಬೆನ್‌ಗೆ ಅದು ಮೊದಲಿನಿಂದಲೂ ಪೆನ್ಸಿಲ್ಲೇ, ಇನ್ನೊಂದು ಪೆನ್ಸಿಲ್ ಕೊಡಿ ಸಿಸ್ಟರ್ ಎನ್ನುತ್ತಿದ್ದ. ಮಾರನೆಯ ದಿನ ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಅವನ ಒಂದು ಕಣ್ಣು ತೆರೆದಿತ್ತು. ಅದರ ಮಾರನೆಯ ದಿನ ಎದ್ದು ಕೂತಿದ್ದ, ಹೊಗೇಲಿ ಒಣಗ್ಸಿದ ಮೀನು ಬೇಕು ಡಾರ್ಕಸ್, ಬೆಣ್ಣೆ ಸಿಗದಿದ್ರೆ ಹಾಗೇ ತಾ ಅಂದ, ಮೂರು ಅಂಗಡಿ ಸುತ್ತಿ ಒಂದು ಮೀನು ತಂದೆ, ಮುಳ್ಳು ಬಿಡಿಸಿ ತಿನ್ನಿಸಿದೆ, ಬೆರಳನ್ನೂ ನೆಕ್ಕಿದ. ಖುಷಿಪಡಬೇಕಿತ್ತು ನಾನು. ಆದರೆ ಇಷ್ಟು ಬೇಗ, ಇಷ್ಟು ಒಳ್ಳೆಯದು, ನಮ್ಮಂಥವರಿಗೆ ಬಿಟ್ಟಿ — ಏನನ್ನೋ ಮುಚ್ಚಿಡುತ್ತಿದ್ದಾರೆ ಎನಿಸಿತು. ಆ ಬಾಟಲಿಗಳು. ಅವನು ಉಚ್ಚೆ ಹೊಯ್ದದ್ದನ್ನು ನಾನು ಎಂದಿನಂತೆ ಚೆಲ್ಲಲು ಹೋದರೆ ಸಿಸ್ಟರ್ ಓಡಿ ಬಂದು ಕೈ ಹಿಡಿದಳು, ಅಯ್ಯೋ ಬೇಡ, ಒಂದು ಹನೀನೂ ಚೆಲ್ಬೇಡಿ! ಯಾಕೆ? ಅದು ಬೇಕು. ಯಾರಿಗೆ? ಪಾತ್ರೆಯನ್ನು ಕಿತ್ತುಕೊಂಡು ಬಾಟಲಿಗೆ ಸುರಿದಳು. ಹಾಸಿಗೆಯ ಕೆಳಗೆ ಚೀಟಿ ಅಂಟಿಸಿದ ದೊಡ್ಡ ಬಾಟಲಿಗಳು, ಬೆಳಿಗ್ಗೆ ಮಧ್ಯಾಹ್ನ ಮಿಸ್ ಲವೆಟ್ ಬರುವುದು, ಚಳಿಗೆ ಕೆಂಪಾದ ಮೂಗು, ಗಂಡಸರ ಕೋಟು, ಬಾಟಲಿಗಳನ್ನು ಸೈಕಲ್ಲಿನ ಬುಟ್ಟಿಯಲ್ಲಿ ಹುಲ್ಲಿನ ನಡುವೆ ಮೊಟ್ಟೆಯಂತೆ ಇಟ್ಟು ಒಯ್ಯುವುದು, ನನ್ನ ಗಂಡನ ಉಚ್ಚೆಯನ್ನು ಇಷ್ಟು ಮರ್ಯಾದೆಯಿಂದ ಒಯ್ಯುವವರು ಅದರಿಂದ ಏನು ಮಾಡುತ್ತಾರೆ, ಯುದ್ಧಕಾಲ, ಯಾರಿಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ — ಅವಳು ಹಾಸಿಗೆಯ ಪಕ್ಕ ಕೂತು ಅವನೊಡನೆ ಪಿಸುಗುಟ್ಟುತ್ತಾಳೆ, ಅವನು ನಗುತ್ತಾನೆ, ನಾನು ಬಾಗಿಲಲ್ಲಿ ಕಂಡ ಕೂಡಲೇ ಇಬ್ಬರೂ ಸುಮ್ಮನಾಗುತ್ತಾರೆ. ಏನು ಮಾತು ಎಂದರೆ, ಪೆನ್ಸಿಲ್ ಮಾತು ಎನ್ನುತ್ತಾನೆ. ನೀನು ಬಿಡು, ಸೂರ್ಯ ಹುಟ್ಟಿದ್ರೂ ಗಡಿಯಾರದ ಹತ್ರ ಹೋಗಿ ನಿಜಾನಾ ಅಂತ ಕೇಳೋಳು.

ಮಂಗಳವಾರ ಅವಳ ಹಿಂದೆ ಹೋದೆ. ಸೈಕಲ್ಲಿಗೆ ಸಮ ನಡೆಯುವುದಾಗಲಿಲ್ಲ, ಆದರೆ ಉದ್ಯಾನದ ಆಚೆಯ ಕೆಂಪು ಕಟ್ಟಡ ಎಂದು ಬಾಗಿಲು ಕಾಯುವವನಿಂದ ಮೊದಲೇ ತಿಳಿದುಕೊಂಡಿದ್ದೆ, ಸೈಕಲ್ ಹಿಂಬಾಗಿಲ ಗೋಡೆಗೆ ಒರಗಿತ್ತು, ಬುಟ್ಟಿ ಖಾಲಿ. ಕಿಟಕಿಯ ಗಾಜನ್ನು ಕೈಗವಸಿನಿಂದ ಒರೆಸಿ ನೋಡಿದೆ. ಬೆಡ್‌ಪ್ಯಾನುಗಳು, ಆಸ್ಪತ್ರೆಯಲ್ಲಿ ಬಳಸುವಂಥವೇ, ಸಾಲುಸಾಲು, ಕಪಾಟಿನ ತುಂಬ, ನೆಲದ ಮೇಲೂ, ಅವುಗಳ ಒಳಗೆ ಬೂದು ಹಸಿರಿನ ದಪ್ಪ ಕಂಬಳಿಯಂಥ ಬೂಷ್ಟು ಬೆಳೆದು ಅದರ ಮೇಲೆ ಹಳದಿ ಹನಿಗಳು ಬೆವರಿನ ಹಾಗೆ ನಿಂತಿದ್ದವು, ಕಿಟಕಿಯ ಸಂದಿನಿಂದ ನೆಲಮಾಳಿಗೆಯ ವಾಸನೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಬ್ಬರು ಹುಡುಗಿಯರು ಕೊಳವೆಯಿಂದ ಏನನ್ನೋ ಹೀರಿ ತೆಗೆಯುತ್ತಿದ್ದರು, ಮಿಸ್ ಲವೆಟ್ ಅವನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಮದ್ಯದಂಗಡಿಯವನ ಹಾಗೆ. ಇದನ್ನಾ ನನ್ನ ಗಂಡನ ರಕ್ತಕ್ಕೆ ಬಿಡುವುದು, ಅವನಿಂದ ಬಂದದ್ದನ್ನು ಇಲ್ಲಿ ತಂದು ಯಾರಿಗೆ ಬಸಿಯುವುದು? ಬಾಗಿಲು ಬಡಿಯಲು ಧೈರ್ಯ ಬರಲಿಲ್ಲ, ಓದಿದವರ ಬಾಗಿಲು. ಅದಕ್ಕೇ ಬಗ್ಗಿ ಸೈಕಲ್ಲಿನ ಮುಂದಿನ ಚಕ್ರದ ಗಾಳಿ ಬಿಟ್ಟೆ, ವಾಲ್ವಿನ ತುಣುಕನ್ನು ಕಿಸೆಗೆ ಹಾಕಿಕೊಂಡೆ, ಸುಸ್ಸೆಂದು ಗಾಳಿ ಹೋಗುವುದನ್ನು ಕೇಳಿ ಸಮಾಧಾನವಾಯಿತು, ನಾಚಿಕೆ ಆಗಲಿಲ್ಲ, ಸುಳ್ಳು ಏಕೆ ಹೇಳಲಿ. ಮರುದಿನ ಸಿಸ್ಟರ್ ಬೇರೆ ಯಾರಿಗೋ ಹೇಳುತ್ತಿದ್ದಳು, ನಿನ್ನೆ ಪಾಪ ಆ ಹುಡುಗಿ ಸೈಕಲ್ ತಳ್ಕೊಂಡು ಬಂದ್ಲು, ಸಂಜೆ ಔಷಧಿ ಒಂದು ಗಂಟೆ ತಡ ಆಯ್ತು. ನಾನು ಆ ಕಡೆ ನೋಡದೆ ಹೆಣಿಗೆ ಹೆಣೆದೆ.

ಔಷಧಿಯ ಐದನೆಯ ದಿನ, ಗುರುವಾರ, ನಳಿಕೆ ತೆಗೆದಿದ್ದರು. ಜ್ವರ ಇರಲಿಲ್ಲ. ಮುಗೀತು ಕಣೇ ಅಂದ ರೂಬೆನ್, ಗೋಡೆಯನ್ನು ನೋಡುತ್ತ, ಇರೋದೇ ಅಷ್ಟಂತೆ. ಡಾಕ್ಟರ್ ಗರ್ನಿಯೂ ಅದನ್ನೇ ಅಂದರು, ಉಗುರು ಕಚ್ಚುತ್ತ. ಆದರೆ ಅದೇ ಮಧ್ಯಾಹ್ನ ಕೀಚ್ ಕೀಚ್, ಮಿಸ್ ಲವೆಟ್, ಅಂಗೈಯಲ್ಲಿ ಬಚ್ಚಿಟ್ಟುಕೊಂಡ ಪುಟ್ಟ ಸೀಸೆ, ಗಂಡಸರ ವಾರ್ಡನ್ನು ದಾಟಿ ನೇರ ಮಕ್ಕಳ ವಾರ್ಡಿಗೆ. ಎದ್ದು ಬೆನ್ನಟ್ಟಿದೆ. ಗಾಜಿನ ಬಾಗಿಲಾಚೆ ಒಂದು ಹುಡುಗಿ, ಐವಿ ಡಾಬ್ಸ್ ಎಂದು ಹಾಸಿಗೆಗೆ ಚೀಟಿ ತೂಗಿತ್ತು, ಆರು ವರ್ಷವಿದ್ದೀತು, ಕಾಲಿನ ಮೂಳೆಯೊಳಗೆ ಕೀವು, ಗೋಡೆಯಾಚೆಯಿಂದ ಎರಡು ದಿನ ಕೇಳುತ್ತಿದ್ದ ಅಳು ಇವಳದೇ, ಅವಳ ತೋಳಿಗೆ ನಳಿಕೆ, ನಳಿಕೆಗೆ ಆ ಹಳದಿ ನೀರು. ಅದು ನನ್ನ ಗಂಡಂದು! ಎಂದು ಕಿರುಚಿದೆ, ಇಡೀ ಮೊಗಸಾಲೆಗೆ ಕೇಳುವಂತೆ, ಮುಗೀತು ಅಂದ್ರಲ್ಲ, ಇದೇನು ಮತ್ತೆ, ಬಡವರ ಮೈಯಿಂದ ಹಿಂಡಿ ತಗೊಂಡಿದ್ದು! ಹುಡುಗಿಯ ತಾಯಿ ಮಿಸೆಸ್ ಡಾಬ್ಸ್ ಎದ್ದು ನಿಂತಳು, ಬಾಂಬಿಗೆ ಮನೆ ಕಳೆದುಕೊಂಡು ಲಂಡನ್ನಿನಿಂದ ಬಂದವಳು, ಒಂದೇ ಕಿವಿಯಲ್ಲಿ ಓಲೆ — ನಾವೇನು ನಿಂಗೆ ಶ್ರೀಮಂತರ ಹಂಗೆ ಕಾಣ್ತೀವೇನಮ್ಮಾ, ಕೂಗ್ಬೇಡ, ಮಗು ಈಗಷ್ಟೇ ಕಣ್ಣು ಮುಚ್ಚಿದೆ ಅಂದಳು. ರೂಬೆನ್‌ಗೆ ಹೋಗಿ ಹೇಳಿದೆ, ಅವನು ಕೋಪ ಮಾಡಿಕೊಳ್ಳುತ್ತಾನೆಂದು ಕಾದೆ. ಕೂತ್ಕೋ ಡಾರ್ಕಸ್ ಅಂದ, ಅಷ್ಟೇ, ನನ್ನ ಕೈಯನ್ನು ಹಿಡಿದು ಬಿಡಲಿಲ್ಲ. ಅದಾದ ಮೇಲೆ ನಾಲ್ಕು ದಿನ ಚೆನ್ನಾಗಿದ್ದ. ಐದನೆಯ ದಿನ ಚಳಿಜ್ವರ ಬಂತು, ಎದೆಗೆ ಇಳಿಯಿತು, ಪ್ರಯೋಗಶಾಲೆಯವರು ಎಷ್ಟು ಬಸಿದರೂ ಅವನಿಗೆ ಸಾಲುವಷ್ಟು ಪುಡಿ ಆಗಲಿಲ್ಲ. ಇನ್ನೊಂದು ವಾರ ಸಿಕ್ಕಿದ್ದರೆ, ಇನ್ನೊಂದು ಹಿಡಿ ಬೂಷ್ಟು ಬೆಳೆದಿದ್ದರೆ. ನಿನ್ನೆ ಬೆಳಿಗ್ಗೆ, ಚಹಾ ಬರುವ ಮುಂಚೆ.

ಕೀಚ್, ನಿಂತಿತು. ಪಕ್ಕದಲ್ಲಿ ಕೂತಳು. ಕೈಯಲ್ಲಿ ಏನೂ ಇಲ್ಲ, ಬೆರಳ ತುದಿಗಳು ಹಳದಿ. ಡಾಕ್ಟರ್ ಬರೋಕ್ಕೆ ಮುಂಚೆ ನಾನೇ ಹೇಳ್ಬಿಡ್ತೀನಿ ಮಿಸೆಸ್ ಟಫ್ರಿ ಅಂದಳು, ಆಮೇಲೆ ಉಸಿರು ಬಿಡದೆ ಹೇಳಿದಳು, ಹನ್ನೆರಡು ವರ್ಷದ ಕೆಳಗೆ ಲಂಡನ್ನಿನಲ್ಲಿ ಯಾರದೋ ಕ್ರಿಮಿಗಳ ತಟ್ಟೆಗೆ ಎಲ್ಲಿಂದಲೋ ಬೂಷ್ಟು ಬಿದ್ದದ್ದು, ಅದರ ಸುತ್ತ ಕ್ರಿಮಿಗಳೆಲ್ಲ ಸತ್ತದ್ದು, ಅಷ್ಟು ವರ್ಷ ಅದರಿಂದ ಔಷಧಿ ಮಾಡಲು ಯಾರಿಗೂ ಆಗದೆ ಉಳಿದದ್ದು, ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಬೇಕಾದದ್ದನ್ನು ತೆಗೆಯಲು ಕೋಣೆ ತುಂಬ ಬೆಡ್‌ಪ್ಯಾನು ಬೇಕಾದದ್ದು, ಮೈಯಲ್ಲಿ ಅದು ನಿಲ್ಲದೆ ಉಚ್ಚೆಯಲ್ಲಿ ಹೋಗಿಬಿಡುವುದು, ಅದನ್ನೇ ಬಸಿದು ಮತ್ತೆ ಕೊಡುತ್ತಿದ್ದದ್ದು. ಇಷ್ಟೇ ಆಗಿದ್ದರೆ ಇದನ್ನು ಹೇಳಲು ಏನಾಗಿತ್ತು ಇವರಿಗೆ, ಅರ್ಥವಾಗುವುದಿಲ್ಲವೇ ನನಗೆ? ಮುಗಿದಿರ್ಲಿಲ್ಲ ಅಂದಳು. ಏನು? ಗುರುವಾರ ಔಷಧಿ ಮುಗಿದಿರ್ಲಿಲ್ಲ, ಇನ್ನೂ ಮೂರು ದಿನಕ್ಕಿತ್ತು, ಅವರದ್ದರಿಂದಲೇ ಬಸಿದದ್ದು. ಗೊತ್ತಿತ್ತು, ಗೊತ್ತಿತ್ತು ನನಗೆ, ಕೈ ಪೊಟ್ಟಣದ ದಾರದ ಮೇಲೆ ಬಿಗಿಯಿತು. ಗೋಡೆಯಾಚೆ ಅಳ್ತಿರೋದು ಯಾರು ಅಂತ ನಿಮ್ಮವರು ಕೇಳಿದ್ರು, ಹೇಳ್ದೆ, ಮತ್ತೆ ಅವಳಿಗೆ ಯಾಕೆ ಕೊಡ್ತಿಲ್ಲ ಅಂದ್ರು, ಇಬ್ಬರಿಗೆ ಸಾಲಲ್ಲ ಅಂದೆ. ನಾನು ಮೀನು ತಿಂದು ಕೂತಿದೀನಲ್ಲ, ನಂಗ್ಯಾಕೆ ಇನ್ನೂ ಅಂದ್ರು. ಡಾಕ್ಟರ್ ಬೇಡ ಅಂದ್ರು, ಇನ್ನೆರಡು ದಿನ ಇರ್ಲಿ ಅಂದ್ರು, ನೀವು ತೆಗೀದಿದ್ರೆ ನಾನೇ ಕಿತ್ತು ಹಾಕ್ತೀನಿ ಅಂತ ನಿಮ್ಮವರು ನಳಿಕೆ ಹಿಡ್ಕೊಂಡ್ರು. ಜ್ವರ ಇರ್ಲಿಲ್ಲ. ವಾಸಿಯಾಯ್ತು ಅಂತ ನಾವೂ ಅಂದ್ಕೊಂಡ್ವಿ. ಎಷ್ಟು ದಿನ ಕೊಡ್ಬೇಕು ಅಂತ ಯಾರಿಗೂ ಗೊತ್ತಿಲ್ಲ ಮಿಸೆಸ್ ಟಫ್ರಿ, ಯಾರೂ ಕೊಟ್ಟೇ ಇಲ್ಲವಲ್ಲ.

ಸುಳ್ಳು. ಸತ್ತವನ ಬಾಯಿಗೆ ಏನು ಬೇಕಾದರೂ ತುರುಕಬಹುದು, ಡಾಕ್ಟರು, ಸಿಸ್ಟರ್, ಇವಳು, ಮೂವರು ಸೇರಿ ಕಟ್ಟಿದ ಕಥೆ, ನಾನು ಬಾಯಿ ಮುಚ್ಚಿಕೊಂಡು ಪೊಟ್ಟಣ ಹಿಡಿದು ಮನೆಗೆ ಹೋಗಲೆಂದು. ನಂಬಲ್ಲ ಎಂದೆ. ಅವರು ಇನ್ನೊಂದು ಮಾತು ಹೇಳಿದ್ರು ಅಂದಳು ಅವಳು. ನಮ್ಮವಳಿಗೆ ಹೇಳ್ಬೇಡ ಕೂಸೇ ಅಂದ್ರು, ಗೊತ್ತಾದ್ರೆ ನಿನ್ನ ಸೈಕಲ್ ಗಾಳಿ ಬಿಡ್ತಾಳೆ. ಆಗಲೇ ಬಿಟ್ಟಿದಾರೆ ಸರ್ ಅಂದೆ ನಾನು, ಕಿಟಕೀಲಿ ನೋಡಿದ್ದೆ. ಹಾಸಿಗೆ ಅಲ್ಲಾಡೋ ಹಾಗೆ ನಕ್ಕರು. — ಇದು ಅವನೇ. ಇದನ್ನು ಯಾವ ಡಾಕ್ಟರೂ ಕಟ್ಟಲಾರ. ನಗುವಾಗ ನೋವಿನ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿರಬೇಕು. ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ, ಆ ಹುಡುಗಿ ಅತ್ತು ಅತ್ತು ಸುಮ್ಮನಾದರೂ ಬಿಡುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು, ನನ್ನ ಬಾಯಿಂದ ಕೊಡಬೇಡ ಎಂಬ ಮಾತು ಆಡಿಸಬಾರದೆಂದೇ ಗೋಡೆ ನೋಡುತ್ತ ಮುಗೀತು ಕಣೇ ಅಂದ. ಅದಿರಲಿ, ಅದಿರಲಿ, ಆ ಮಂಗಳವಾರ — ಒಂದು ಗಂಟೆ ತಡ ಆಯ್ತಲ್ಲ, ಅದರಿಂದ ಏನಾದ್ರೂ, ಎಂದು ಕೇಳಿದೆ. ಇಲ್ಲ ಇಲ್ಲ, ಒಂದು ಗಂಟೆಯಿಂದ ಏನೂ ಆಗಲ್ಲ ಅಂದಳು. ಬೇಗ ಅಂದಳು. ತುಂಬ ಬೇಗ ಅಂದಳು, ಪ್ರಶ್ನೆ ಮುಗಿಯುವ ಮುಂಚೆಯೇ, ಯಾಕೆ ಅಷ್ಟು ಬೇಗ? ಈಗ ಯಾರನ್ನು ಹಿಂಬಾಲಿಸಿ ಯಾವ ಕಿಟಕಿಯಲ್ಲಿ ಇಣುಕಲಿ, ಉತ್ತರ ಯಾರ ಬುಟ್ಟಿಯಲ್ಲಿದೆ.

ಅಕ್ಕಾ, ಒಂದ್ಗಳಿಗೆ ಒಳಗೆ ಬಾರಕ್ಕಾ — ಮಿಸೆಸ್ ಡಾಬ್ಸ್, ಗಾಜಿನ ಬಾಗಿಲು ಅರ್ಧ ತೆಗೆದು ನಿಂತಿದ್ದಾಳೆ, ಯಾವಾಗ ಅಕ್ಕನಾದೆ ಇವಳಿಗೆ, ಇವಳಿಗೆ ಯಾರು ಹೇಳಿದರು, ಇವಳ ಕಣ್ಣು ಊದಿಕೊಂಡಿದೆ, ನನ್ನದು ಒಣಗಿದೆ. ಹೋಗುವುದಿಲ್ಲ ಎಂದುಕೊಂಡೆ, ಕಾಲು ಹೋಯಿತು. ನಿದ್ದೆಯಲ್ಲಿದೆ ಹುಡುಗಿ, ಬೆವರಿಲ್ಲ, ಕಾಲಿಗೆ ಬಿಳಿ ಪಟ್ಟಿ, ಹುಡುಕಿದೆ ನಾನು, ಅವನದು ಎಲ್ಲಾದರೂ ಕಾಣುತ್ತದೆಯೇ ಎಂದು, ಕೆನ್ನೆಯಲ್ಲಿ, ಕತ್ತಿನ ಬಡಿತದಲ್ಲಿ, ಏನೂ ಇಲ್ಲ, ಯಾರದೋ ಮಗು, ಬಾಯಿ ತೆರೆದು ಮಲಗಿದೆ, ಮುಂದಿನ ಎರಡು ಹಲ್ಲು ಬಿದ್ದ ಜಾಗ, ಕೆಂಪು ಒಸಡು, ಒಸಡಿನ ನಡುವೆ ಬಿಳಿಯದೊಂದು — ಜ್ವರದಲ್ಲಿದ್ದಾಗ್ಲೇ ಹುಟ್ಟಿದೆ ಅಕ್ಕಾ, ನಿನ್ನೆ ಬೆಳಿಗ್ಗೆ ನೋಡ್ದೆ ಎನ್ನುತ್ತಿದ್ದಾಳೆ ತಾಯಿ — ನಿನ್ನೆ ಬೆಳಿಗ್ಗೆ, ಹೊಸ ಹಲ್ಲು, ಉಪ್ಪಿನ ಹರಳಿನಷ್ಟು, ಒಂದು ಗಂಟೆ, ಅವಳು ಬೇಗ ಅಂದಳು, ಹೊಸ ಹಲ್ಲಿನ ತುದಿ, ಅವನು ನಕ್ಕನಂತೆ, ತೋಳು ಹಿಡಿದುಕೊಂಡು, ಒಸಡನ್ನು ಸೀಳಿಕೊಂಡು ಬಂದಿದೆ, ಉಪ್ಪಿನ ಹರಳಿನಷ್ಟು, ಬಿಳಿ, ಇನ್ನೂ ಏನನ್ನೂ ಕಚ್ಚಿಲ್ಲ, ಆ ಹಲ್ಲು, ಆ ಹಲ್ಲು —