ದೊಡ್ಡಮ್ಮನ ಮೂರನೆಯ ದಿಬ್ಬ

ನಮ್ಮ ಪಾರ್ಕಿನಲ್ಲಿ ಮೂರು ರೋಲರ್ ಕೋಸ್ಟರ್‌ಗಳಿವೆ. ಅಜ್ಜ ಕಟ್ಟಿದ ಮರದ್ದು ದೊಡ್ಡಮ್ಮ. ಅಪ್ಪನ ಕಾಲದಲ್ಲಿ ಬಂದ ಉಕ್ಕಿನದು ಚಿಕ್ಕಮ್ಮ. ನನ್ನ ಕಾಲದ್ದು ಜನರನ್ನು ತಲೆಕೆಳಗು ಮಾಡುತ್ತದೆ, ಎಷ್ಟು ಉಪಚಾರ ಮಾಡಿದರೂ ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತದೆ. ಅದಕ್ಕೆ ಅಳಿಯ ಎಂದು ಹೆಸರಿಟ್ಟದ್ದು ಸ್ವತಃ ನನ್ನ ಗಂಡ. ದಿನಾ ಬೆಳಗ್ಗೆ ಸುತ್ತಿಗೆ ಹಿಡಿದು ಮೂರರ ಹಳಿಯನ್ನೂ ನಡೆದು ನೋಡುವವಳು ನಾನು. ಸಡಿಲ ಬೋಲ್ಟಿನ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ.

ಮೊನ್ನೆ ಬೆಳಗ್ಗೆ ಏಳಕ್ಕೆ, ಹೊಸದಾಗಿ ಬಂದ ಎಂಜಿನಿಯರ್ ದೊಡ್ಡಮ್ಮನ ಖಾಲಿ ಬಂಡಿಯನ್ನು ಪರೀಕ್ಷೆಗೆ ಬಿಟ್ಟ. ಅದು ಮೂರನೆಯ ದಿಬ್ಬವನ್ನು ಅರ್ಧ ಹತ್ತಿ, ಹಿಂದಕ್ಕೆ ಜಾರಿ ತಗ್ಗಿನಲ್ಲಿ ನಿಂತಿತು. ಆತ ಕಾಗದ ತೆಗೆದು, ಇದಕ್ಕೆ ವಯಸ್ಸಾಯಿತು, ಕೆಡವಬೇಕು ಎಂದು ಬರೆಯತೊಡಗಿದ. ನನಗೆ ಮೈಯೆಲ್ಲ ಉರಿದುಹೋಯಿತು.

“ಸಾರ್, ಖಾಲಿ ಹೊಟ್ಟೇಲಿ ಅವಳು ಯಾವತ್ತು ಹತ್ತಿದಾಳೆ? ಬೆಳಗ್ಗೆ ಚಳಿಗೆ ಗ್ರೀಸ್ ಗಟ್ಟಿ ಇರುತ್ತೆ. ಬಂಡೀಗೆ ಭಾರ ಬೇಕು, ಹಳೀಗೆ ಬಿಸಿಲು ಬೇಕು. ಅಜ್ಜ ಮರಳು ಮೂಟೆ ಇಡದೆ ಒಂದಿನಾನೂ ಪರೀಕ್ಷೆ ಮಾಡಿದೋರಲ್ಲ.”

“ಯಾವ ಪುಸ್ತಕದಲ್ಲಿದೆ ಅದು?”

“ಮಧ್ಯಾಹ್ನ ಮೂರಕ್ಕೆ ಬನ್ನಿ. ತೋರಿಸ್ತೀನಿ.”

ಬಂಡಿಯನ್ನು ಎಳೆಸಿ ತಂದು, ಹದಿನಾರು ಸೀಟಿಗೂ ಮೂಟೆ ಕಟ್ಟಿಸಿದೆ. ಮೂರಕ್ಕೆ ಬಿಟ್ಟಾಗ ಅದು ಮೂರನೆಯ ದಿಬ್ಬವನ್ನು ಲೆಕ್ಕಕ್ಕೇ ಇಡದೆ ದಾಟಿ ಬಂತು. ಎರಡನೆಯ ಸಲವೂ ಅಷ್ಟೇ. ಆಮೇಲೆ ಮುಂದಿನ ಎರಡು ಮೂಟೆ ಇಳಿಸಿ ನಾನು ಕೂತೆ, ಪಕ್ಕದ ಸೀಟು ತಟ್ಟಿದೆ. ಎಂಜಿನಿಯರ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಬಂದು ಕೂತ. ಪಾಪ, ಮರ್ಯಾದೆಯ ಪ್ರಶ್ನೆ.

ಒಂದು ಸುತ್ತು ಹೋಗಿ ಬಂದು ಇಳಿದ ಮೇಲೆ ಅವನು ಮೊದಲು ಮಾಡಿದ ಕೆಲಸವೆಂದರೆ ಬೆಳಗ್ಗೆ ಬರೆದದ್ದನ್ನು ಹೊಡೆದುಹಾಕಿದ್ದು. ಮನುಷ್ಯ ಒಳ್ಳೆಯವನೇ.

“ಇದನ್ನೆಲ್ಲ ಯಾರೂ ಬರೆದಿಟ್ಟಿಲ್ವಾ?” ಎಂದು ಕೇಳಿದ.

“ಅಜ್ಜ ಅಪ್ಪಂಗೆ ಹೇಳಿದ್ರು, ಅಪ್ಪ ನಂಗೆ ಹೇಳಿದ್ರು. ಬರೆಯೋದೇನು ಬಂತು? ನಾನಿದೀನಲ್ಲ.”

“ನೀವು ಇವತ್ತು ರಜಾ ಹಾಕಿದ್ದಿದ್ರೆ?”

ನನಗೊಂದು ಜ್ವರ ಬಂದಿದ್ದರೆ ಸಾಕಿತ್ತು, ಮೂರು ತಲೆಮಾರಿನ ವಿದ್ಯೆ ದೊಡ್ಡಮ್ಮನ ಉಪಯೋಗಕ್ಕೆ ಬರುತ್ತಿರಲಿಲ್ಲ. ನಿಜವಾಗಿ ಹೆದರಿಕೆಯಾಯಿತು. ಅವನ ಕೈಯಿಂದ ಪೆನ್ನು, ಕಾಗದ ಕಸಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

“ನೀವೂ ಕೂತ್ಕೊಳ್ಳಿ,” ಎಂದೆ. “ಇದು ಒಂದು ಹಾಳೇಲಿ ಮುಗಿಯೋದಲ್ಲ.”